ಸಿಕ್ಲಿಡ್ ಕಾದಾಟ: ಮೀನನ್ನು ಬೈಯುವ ಮೊದಲು ತೊಟ್ಟಿ ಅಳೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡಡಿ ತೊಟ್ಟಿಗೆ ಬಣ್ಣಬಣ್ಣದ ಎಂಟು ಹತ್ತು ಸಿಕ್ಲಿಡ್ ಮರಿ ತಂದು ಬಿಡುವುದು, ಆರೇಳು ತಿಂಗಳು ಕಳೆಯುವಷ್ಟರಲ್ಲಿ ಒಂದೋ ಎರಡೋ ಉಳಿಯುವುದು, ಉಳಿದದ್ದಕ್ಕೆ ‘ರೌಡಿ ಮೀನು’ ಎಂದು ಹೆಸರಿಟ್ಟು ಕೊನೆಗೆ ಯಾವುದಾದರೂ ಕೆರೆಗೆ ಸುರಿದು ಬರುವುದು ನಮ್ಮ ಕೋಲಾರದ ಕಡೆ ಮಾಮೂಲಾಗಿಬಿಟ್ಟಿದೆ. ಬೇಸಿಗೆ ರಜೆ ಬಂತೆಂದರೆ ಮಕ್ಕಳ ಹಟಕ್ಕೆ ಇನ್ನಷ್ಟು ತೊಟ್ಟಿಗಳು ಮನೆ ಸೇರುತ್ತವೆ. ಅದಕ್ಕೆ ಮುಂಚೆ ಈ ಪತ್ರ ಅಚ್ಚಾದರೆ ಒಂದಷ್ಟು ಮೀನು ಬದುಕಿಕೊಂಡಾವು, ಒಂದಷ್ಟು ದುಡ್ಡೂ ಉಳಿದೀತು. ಸಿಕ್ಲಿಡ್‌ಗಳ ಜಗಳವನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗದು. ಆದರೆ ಸಾಯುವ ಮಟ್ಟಕ್ಕೆ ಹೋಗಿದೆ ಎಂದರೆ ತಪ್ಪು ಬಹುಪಾಲು ತೊಟ್ಟಿಯ ಅಳತೆಯಲ್ಲೋ, ಜೊತೆಗೆ ಬಿಟ್ಟ ಮೀನುಗಳ ಆಯ್ಕೆಯಲ್ಲೋ ಇರುತ್ತದೆ.

ಸಿಕ್ಲಿಡ್ ಎಂದರೆ 1,600ಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಕುಟುಂಬ. ನಮ್ಮ ಮಾರುಕಟ್ಟೆಯ ಜಿಲೇಬಿ ಮೀನು ಅದಕ್ಕೇ ಸೇರಿದ್ದು, ಕೇರಳದವರ ಕರಿಮೀನೂ ಅದೇ. ಏಂಜಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್ ಎಲ್ಲವೂ ದಾಯಾದಿಗಳು. ಮೊಟ್ಟೆ ಮರಿಗಳನ್ನು ಕಾಯುವುದು ಈ ಕುಟುಂಬದ ಗುಣ. ಕಾಯಲು ಜಾಗ ಬೇಕು, ಜಾಗಕ್ಕೆ ಗಡಿ ಬೇಕು. ಹೊಲದ ಬದುವಿನ ಜಗಳವೇ ಇದು, ಬೇರೇನಲ್ಲ. ಆಫ್ರಿಕದ ಮಲಾವಿ ಸರೋವರ ಈ ಮೀನುಗಳ ತವರುಗಳಲ್ಲೊಂದು, ಸುಮಾರು 560 ಕಿ.ಮೀ. ಉದ್ದವಿದೆ. ಅಲ್ಲಿ ಸೋತ ಮೀನು ನಾಲ್ಕಾರು ಮೀಟರ್ ಓಡಿ ಇನ್ನೊಂದು ಬಂಡೆಯ ಸಂದು ಸೇರಿದರೆ ಜಗಳ ಮುಗಿಯಿತು. ಎರಡಡಿ ತೊಟ್ಟಿಯಲ್ಲಿ ಸೋತದ್ದು ಎಲ್ಲಿ ಹೋಗಿ ನಿಂತರೂ ಗೆದ್ದದ್ದರ ಗಡಿಯೊಳಗೇ ಇರುತ್ತದೆ. ‘ಇನ್ನೂ ಹೋಗಿಲ್ಲ’ ಎಂದು ಅದು ಬೆನ್ನಟ್ಟುತ್ತಲೇ ಇರುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಕಾರಣದ ಸುತ್ತಲೇ ಇವೆ.

ಎಲ್ಲ ಜಗಳಕ್ಕೂ ಗಾಬರಿ ಬೀಳಬೇಕಿಲ್ಲ. ಕಿವಿರು ಅಗಲಿಸಿ ಎದುರುಬದುರು ನಿಲ್ಲುವುದು, ಪಕ್ಕಕ್ಕೆ ತಿರುಗಿ ಬಾಲ ಬೀಸುವುದು, ಅರೆಗಳಿಗೆ ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು, ಒಂದಡಿ ಅಟ್ಟಿಸಿಕೊಂಡು ಹೋಗಿ ಹಿಂತಿರುಗುವುದು ದಿನನಿತ್ಯದ ವ್ಯವಹಾರ. ತೊಟ್ಟಿಯ ಈ ಮೂಲೆಯಿಂದ ಆ ಮೂಲೆವರೆಗೆ ಬಿಡದೆ ಅಟ್ಟುವುದು, ಒಂದೇ ಮೀನು ಮತ್ತೆ ಮತ್ತೆ ಗುರಿಯಾಗುವುದು ಅಪಾಯದ ಗುರುತು. ಏಟು ತಿಂದದ್ದು ನೀರಿನ ಮೇಲ್ಭಾಗದ ಮೂಲೆಯಲ್ಲೋ, ಹೀಟರ್ ಅಥವಾ ಫಿಲ್ಟರ್ ಪೈಪಿನ ಹಿಂದೆಯೋ ರೆಕ್ಕೆ ಮಡಚಿ ನಿಂತಿರುತ್ತದೆ, ಮೈ ಕಪ್ಪಿಟ್ಟಿರುತ್ತದೆ, ಆಹಾರ ಹಾಕಿದರೂ ಬರುವುದಿಲ್ಲ. ಬಾಲದ ಅಂಚು ಹರಿದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕೆಲವು ದಿನಗಳಿಂದ ಏಟು ಬೀಳುತ್ತಿತ್ತೆಂದೇ ತಿಳಿಯಬೇಕು.

ಈಗ ತೊಟ್ಟಿಯ ವಿಷಯ. ಅಂಗಡಿಯಲ್ಲಿ ಎತ್ತರದ ತೊಟ್ಟಿ ನೋಡಲು ಚೆಂದ. ಆದರೆ ಗಡಿ ಕಟ್ಟುವ ಮೀನಿಗೆ ಬೇಕಾದದ್ದು ನೆಲದ ಉದ್ದಗಲ. ಮಲಾವಿಯ ಬಂಡೆವಾಸಿ ಸಿಕ್ಲಿಡ್‌ಗಳಿಗೆ (ಹವ್ಯಾಸಿಗಳು ‘ಎಂಬುನಾ’ ಎನ್ನುತ್ತಾರೆ) 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಕನಿಷ್ಠ. ಲೆಕ್ಕಕ್ಕೆ ಅದು 255 ಲೀಟರ್. ಮೇಲೆ ಎರಡಿಂಚು ಬಿಟ್ಟು, ಕಲ್ಲು ಮರಳು ತುಂಬಿದ ಮೇಲೆ ಉಳಿಯುವ ನೀರು 200 ಲೀಟರ್ ಆಸುಪಾಸು. ಗಾಜು 10 ಮಿ.ಮೀ. ಇದ್ದರೆ ನಿಶ್ಚಿಂತೆ. ನೀರು, ಕಲ್ಲು, ಗಾಜು ಸೇರಿ 300 ಕೆ.ಜಿ. ಮೀರುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಮಾತೇ ಇಲ್ಲ. ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಬೆಸುಗೆ ಹಾಕಿಸಿ, ಮೇಲೆ ಹಲಗೆ, ಅದರ ಮೇಲೆ ಥರ್ಮಾಕೋಲ್ ಹಾಸಬೇಕು. 3 ಅಡಿ ತೊಟ್ಟಿಯೇ ಗತಿ ಎನ್ನುವವರು ಒಂದೇ ಸಾಧು ಜಾತಿಗೆ ತೃಪ್ತಿಪಡಲಿ. ಎರಡಡಿಯಲ್ಲಿ ಆಫ್ರಿಕನ್ ಸಿಕ್ಲಿಡ್ ಸಾಕುವ ಮಾತು, ಅಂಗಡಿಯವರು ಏನೇ ಹೇಳಲಿ, ನಂಬಬೇಡಿ.

ಮೀನುಗಳ ಆಯ್ಕೆಯಲ್ಲಿ ಆಗುವಷ್ಟು ಅನಾಹುತ ಇನ್ನೆಲ್ಲೂ ಆಗುವುದಿಲ್ಲ. ‘ಮಿಕ್ಸ್ ಆಫ್ರಿಕನ್’ ಎಂದು ಕವರಿಗೆ ತುಂಬಿಕೊಡುವ ಒಂದೂವರೆ ಇಂಚಿನ ಮರಿಗಳಲ್ಲಿ ಹಳದಿ ಮೈಗೆ ಕಪ್ಪು ಪಟ್ಟಿಯ ಆರೇಟಸ್ ಇರುತ್ತದೆ, ನೀಲಿ ಪಟ್ಟಿಯ ಕೆನ್ಯಿ ಇರುತ್ತದೆ. ಮರಿಯಲ್ಲಿ ಇವಕ್ಕಿಂತ ಚೆಂದದವು ಇಲ್ಲ. ಬಲಿತ ಮೇಲೆ ಈ ಎರಡರ ಗಂಡುಗಳಷ್ಟು ಕ್ರೂರ ಎಂಬುನಾಗಳೂ ಕಡಿಮೆ. ಕೆನ್ಯಿ ಗಂಡು ಬೆಳೆಯುತ್ತ ನೀಲಿ ಬಿಟ್ಟು ಹಳದಿಯಾಗುತ್ತದೆ. ಆಗ ತೊಟ್ಟಿಯಲ್ಲಿ ಯೆಲ್ಲೋ ಲ್ಯಾಬ್ ಎಂಬ ಹಳದಿ ಎಂಬುನಾ ಇದ್ದರೆ ಅದನ್ನು ತನ್ನ ಜಾತಿಯ ಎದುರಾಳಿ ಎಂದೇ ಎಣಿಸಿ ಹೊಡೆಯುತ್ತದೆ. ಬಣ್ಣ, ಪಟ್ಟಿ, ಆಕಾರ ಹೋಲುವ ಎರಡು ಜಾತಿ ಒಟ್ಟಿಗೆ ಇಡಬಾರದೆನ್ನುವುದು ಇದಕ್ಕೇ. ಡೆಮಸೋನಿ ಎಂಬ ಪುಟ್ಟ ನೀಲಿ ಪಟ್ಟಿಯ ಮೀನನ್ನು ಒಂದೇ ಇಡಬೇಕು, ಇಲ್ಲವೇ ಹನ್ನೆರಡಕ್ಕಿಂತ ಹೆಚ್ಚು ಇಡಬೇಕು. ನಾಲ್ಕೈದು ಇಟ್ಟರೆ ಒಂದೊಂದಾಗಿ ಸಾಯುತ್ತವೆ.

ಹೊಸಬರಿಗೆ ಹೇಳಬಹುದಾದ ಸುರಕ್ಷಿತ ಕೂಟ ಹೀಗಿದೆ: ಯೆಲ್ಲೋ ಲ್ಯಾಬ್, ರಸ್ಟಿ, ಏಸೀ. ಒಂದು ಹಳದಿ, ಒಂದು ಕಂದು ನೇರಳೆ, ಒಂದು ನೀಲಿ ಮೈಗೆ ಹಳದಿ ಬಾಲ. ಮೂರೂ ಎಂಬುನಾಗಳಲ್ಲಿ ಸಾಧುಗಳು, ಒಂದನ್ನೊಂದು ಹೋಲುವುದಿಲ್ಲ. 4 ಅಡಿ ತೊಟ್ಟಿಗೆ ಒಂದೊಂದರಲ್ಲಿ ಒಂದು ಗಂಡು, ನಾಲ್ಕೈದು ಹೆಣ್ಣು, ಒಟ್ಟು 15ರಿಂದ 18. ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ. ಗುದರೆಕ್ಕೆಯ ಮೇಲಿನ ಮೊಟ್ಟೆಯಾಕಾರದ ಹಳದಿ ಚುಕ್ಕೆ ನೋಡಿ ಗಂಡೆಂದು ಹೇಳುತ್ತಾರೆ, ಅದು ಹೆಣ್ಣಿನಲ್ಲೂ ಇರಬಹುದು. ಆದ್ದರಿಂದ ಜಾತಿಗೆ ಎಂಟು ಮರಿ ತಂದು, ಮೂರಿಂಚು ಬೆಳೆದಾಗ ಹೆಚ್ಚುವರಿ ಗಂಡುಗಳನ್ನು ತೆಗೆಯುವುದೇ ದಾರಿ. ಯಾವ ಅಂಗಡಿ ಆ ಗಂಡುಗಳನ್ನು ವಾಪಸು ತೆಗೆದುಕೊಳ್ಳುತ್ತದೆ ಎಂದು ಕೊಳ್ಳುವ ದಿನವೇ ಕೇಳಿಟ್ಟುಕೊಳ್ಳಿ. ಒಂದು ಗಂಡಿಗೆ ಒಂದೇ ಹೆಣ್ಣು ಬಿಟ್ಟರೆ ಪಾಪದ ಆ ಹೆಣ್ಣಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಮೊಟ್ಟೆಯನ್ನು ಬಾಯಲ್ಲಿಟ್ಟು ಸುಮಾರು ಮೂರು ವಾರ ಕಾಯುವ ಜಾತಿಗಳಿವು. ಆ ದಿನಗಳಲ್ಲಿ ಹೆಣ್ಣು ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಬೆನ್ನಟ್ಟುವವನ ಗಮನ ನಾಲ್ಕಾರು ಹೆಣ್ಣುಗಳಲ್ಲಿ ಹಂಚಿಹೋಗಬೇಕು.

ಎಂಬುನಾ ತೊಟ್ಟಿಯನ್ನು ಸ್ವಲ್ಪ ಕಿಕ್ಕಿರಿದೇ ಇಡುವುದು ಈ ಕಾರಣಕ್ಕೆ. ಎಲ್ಲಿ ನೋಡಿದರೂ ಮೀನು ಇದ್ದಾಗ ಯಾವುದಕ್ಕೂ ಗಡಿ ಉಳಿಸಿಕೊಳ್ಳಲು ಆಗುವುದಿಲ್ಲ, ಏಟು ಹಂಚಿಹೋಗುತ್ತದೆ. ಆದರೆ ಈ ಮಾತನ್ನು ಅರ್ಧ ಕೇಳಿಸಿಕೊಂಡವರು ಮೂರಡಿಗೆ ಮೂವತ್ತು ತುಂಬುತ್ತಾರೆ. ಫಿಲ್ಟರಿಗೆ ತಾಳಿಕೊಳ್ಳುವ ಶಕ್ತಿ ಇಲ್ಲದಿದ್ದರೆ ಜಗಳದ ಬದಲು ಮೀನುಗಳೇ ನೀರಿಗೆ ಬಿಡುವ ಅಮೋನಿಯಾ ಕೊಲ್ಲುತ್ತದೆ. ತೊಟ್ಟಿಯ ನೀರು ಗಂಟೆಗೆ 8ರಿಂದ 10 ಸಲ ಫಿಲ್ಟರ್ ದಾಟಬೇಕು. 200 ಲೀಟರಿಗೆ ಗಂಟೆಗೆ 1,600ರಿಂದ 2,000 ಲೀಟರ್ ಎಳೆಯುವ ಫಿಲ್ಟರ್, ಸಾಧ್ಯವಾದರೆ ಎರಡು ಸಣ್ಣವು. ಕರೆಂಟ್ ಹೋದಾಗ ನಡೆಯಲು ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು.

ಈ ಕಿಕ್ಕಿರಿಸುವ ಉಪಾಯ ಮಧ್ಯ, ದಕ್ಷಿಣ ಅಮೆರಿಕದ ಸಿಕ್ಲಿಡ್‌ಗಳಿಗೆ ಹೊಂದುವುದಿಲ್ಲ. ಅಲ್ಲಿನ ಕಾನ್ವಿಕ್ಟ್ ಎಂಬ ಸಿಕ್ಲಿಡ್ ಜೋಡಿ ಕಟ್ಟಿ ಮೊಟ್ಟೆ ಇಟ್ಟರೆ ಮೂರಡಿ ತೊಟ್ಟಿಯ ಉಳಿದ ಮೀನುಗಳೆಲ್ಲ ಒಂದು ಮೂಲೆ ಸೇರುತ್ತವೆ. ಜೋಡಿಯನ್ನು ಬೇರೆ ಇಡುವುದೇ ಪರಿಹಾರ. ಆಸ್ಕರ್ ಒಂದಡಿ ಬೆಳೆಯುವ ಮೀನು: ಒಂದಕ್ಕೆ 4 ಅಡಿ, ಜೋಡಿಗೆ 6 ಅಡಿ. ಜೊತೆಗೆ ಜಯಂಟ್ ಡ್ಯಾನಿಯೋದಂತಹ ಚುರುಕು ಮೀನುಗಳ ಗುಂಪು ಬಿಟ್ಟರೆ ಮಧ್ಯಮ ಗಾತ್ರದ ಅಮೆರಿಕನ್ ಸಿಕ್ಲಿಡ್‌ಗಳ ಗಮನ ಒಂದಿಷ್ಟು ಚದುರುತ್ತದೆ. ಬಲಿತ ಆಸ್ಕರಿಗೆ ಮಾತ್ರ ಅವು ಊಟವಾಗಿಬಿಡುತ್ತವೆ. ಏಂಜಲ್ ಕೂಡ ಸಿಕ್ಲಿಡ್ಡೇ ಎಂಬುದು ಮರೆತುಹೋಗಿ, ಅದನ್ನು ಆಫ್ರಿಕನ್‌ಗಳ ಜೊತೆ ಬಿಟ್ಟು ರೆಕ್ಕೆ ಚಿಂದಿಯಾದ ಮೇಲೆ ಅಂಗಡಿಗೆ ಓಡುವವರಿದ್ದಾರೆ. ಆಫ್ರಿಕದ್ದು, ಅಮೆರಿಕದ್ದು ಒಂದೇ ತೊಟ್ಟಿಯಲ್ಲಿ ಬೇಡ. ಮಲಾವಿಯದ್ದೇ ಆದ ಪೀಕಾಕ್ ಸಿಕ್ಲಿಡ್‌ಗಳನ್ನು ಎಂಬುನಾ ಜೊತೆ ಬಿಡುವುದೂ ಬೇಡ, ಪೀಕಾಕ್ ಮೆದು. ಬಣ್ಣವೇ ಮುಖ್ಯ ಎನ್ನುವವರು ಬೇರೆ ಬೇರೆ ಬಗೆಯ ಪೀಕಾಕ್ ಗಂಡುಗಳನ್ನು ಒಂದೊಂದೇ ಆರಿಸಿ, ಒಂದೂ ಹೆಣ್ಣಿಲ್ಲದ ತೊಟ್ಟಿ ಮಾಡಿಕೊಳ್ಳಬಹುದು. ಹೆಣ್ಣಿಲ್ಲದ ಮೇಲೆ ಜಗಳದ ದೊಡ್ಡ ಕಾರಣವೇ ಹೋಯಿತು.

ಕಲ್ಲಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಕೋಟೆ, ಹಡಗು ಕೊಳ್ಳುವ ಬದಲು ಕಲ್ಲುಕುಟಿಗರ ಹತ್ತಿರ ಬಿದ್ದಿರುವ ಗ್ರಾನೈಟ್ ತುಂಡು, ಚಪ್ಪಡಿ ಚೂರು ತಂದರೆ ಸಾಕು. ಗ್ರಾನೈಟ್ ನೀರಿಗೆ ಏನನ್ನೂ ಬಿಡುವುದಿಲ್ಲ. ಚೂಪು ಅಂಚುಗಳನ್ನು ಸುತ್ತಿಗೆಯಿಂದ ಮುರಿದು, ಬ್ರಷ್ ಹಾಕಿ ತಿಕ್ಕಿ ತೊಳೆಯಬೇಕು. ಸೋಪು ಮುಟ್ಟಿಸಬಾರದು. ತುಕ್ಕಿನ ಗೆರೆ, ಹೊಳೆಯುವ ಲೋಹದ ಎಳೆ ಕಂಡ ಕಲ್ಲು ಬೇಡ. ಕೆಜಿಎಫ್‌ನ ಸೈನೈಡ್ ದಿಬ್ಬದ ಮಣ್ಣು ನುಣ್ಣಗೆ ಮರಳಿನ ಹಾಗೇ ಕಾಣುತ್ತದೆ, ಅದನ್ನು ತೊಟ್ಟಿಗೆ ಹಾಕುವ ಯೋಚನೆಯೂ ಬೇಡ: ಅದು ಚಿನ್ನ ತೆಗೆದ ಮೇಲೆ ಉಳಿದ ಗಣಿ ತ್ಯಾಜ್ಯ.

4 ಅಡಿ ತೊಟ್ಟಿಗೆ 40 ಕೆ.ಜಿ. ಕಲ್ಲು ಹಿಡಿಯುತ್ತದೆ. ಮೊದಲು ಖಾಲಿ ಗಾಜಿನ ಮೇಲೆ ತೆಳು ಫೋಮ್ ಶೀಟ್, ಅದರ ಮೇಲೆ ನೇರವಾಗಿ ದೊಡ್ಡ ಕಲ್ಲು, ಆಮೇಲೆ ಸುತ್ತ ಒಂದಿಂಚು ಮರಳು. ಮರಳು ಮೊದಲು ಹಾಕಿ ಅದರ ಮೇಲೆ ಕಲ್ಲು ಪೇರಿಸಿದರೆ ಸಿಕ್ಲಿಡ್‌ಗಳು ಬುಡ ತೋಡುತ್ತವೆ, ಕಲ್ಲು ಜಾರಿ ಗಾಜು ಒಡೆಯುತ್ತದೆ. ರಾತ್ರೋರಾತ್ರಿ 200 ಲೀಟರ್ ನೀರು ಮನೆ ತುಂಬಿದ ಕಥೆಗಳ ಹಿಂದೆ ಬಹುಮಟ್ಟಿಗೆ ಇದೇ ಇರುತ್ತದೆ. ಪೇರಿಸುವಾಗ ನೋಡಬೇಕಾದ್ದು ಎರಡು. ಒಂದು ಕಡೆ ಕೂತ ಮೀನಿಗೆ ಇನ್ನೊಂದು ಕಡೆ ಕಾಣಬಾರದು. ಕಾಣದ ಶತ್ರುವಿನ ಜೊತೆ ಯಾರೂ ಜಗಳಕ್ಕೆ ಹೋಗುವುದಿಲ್ಲ. ಆದ್ದರಿಂದ ಕಲ್ಲಿನ ಗುಡ್ಡೆ ಮುಕ್ಕಾಲು ಎತ್ತರದವರೆಗೆ ಏರಲಿ, ಎರಡು ಮೂರು ಗುಡ್ಡೆಗಳಾಗಿರಲಿ. ಇನ್ನೊಂದು, ಪ್ರತಿ ಗವಿಗೂ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗವಿ, ಮಡಕೆ, ಪೈಪು ಓಡಿಬಂದ ಮೀನಿಗೆ ಬೋನಾಗುತ್ತದೆ. ಕಲ್ಲು ಸಾಲದಿದ್ದರೆ 2 ಇಂಚು, 3 ಇಂಚಿನ ಪಿವಿಸಿ ಪೈಪನ್ನು ಆರಿಂಚು ಉದ್ದಕ್ಕೆ ಕೊಯ್ದು ತುರುಕಿ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ನೀರಿನ ವಿಷಯದಲ್ಲಿ ವಿಚಿತ್ರ ನೋಡಿ. ಬಟ್ಟೆಗೆ ನೊರೆ ಬಾರದ, ಪಾತ್ರೆಗೆ ಬಿಳಿ ಪೊರೆ ಕಟ್ಟುವ ನಮ್ಮ ಬೋರ್‌ವೆಲ್ ನೀರು ಮಲಾವಿ ಮೀನುಗಳಿಗೆ ಹೇಳಿ ಮಾಡಿಸಿದಂತಿದೆ. ಅವಕ್ಕೆ ಬೇಕಾದ್ದು ಗಡಸು ನೀರು, 7.8ರಿಂದ 8.6ರ ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ). ಮೀನಿಗೆ ಒಳ್ಳೆಯದೆಂದು ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಸುರಿಯುವವರು ಖನಿಜವನ್ನು ಬಹುಪಾಲು ತೆಗೆದ ನೀರನ್ನು ಸುರಿಯುತ್ತಿದ್ದಾರೆ. ಅದರಲ್ಲಿ ಪಿಎಚ್ ನಿಲ್ಲುವುದಿಲ್ಲ. ಡಿಸ್ಕಸ್ ಸಾಕುವವರಿಗೆ ಆ ನೀರು ಬೇಕಾದೀತು, ಎಂಬುನಾಗಳಿಗೆ ಬೇಡ. ಬೋರ್‌ವೆಲ್ ನೀರನ್ನು ಮಾತ್ರ ನೇರ ಬಿಡದೆ ಡ್ರಮ್ಮಿನಲ್ಲಿ ಏರ್ ಸ್ಟೋನ್ ಹಾಕಿ ಒಂದು ದಿನ ಇಟ್ಟು ಬಳಸಿ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ನಗರಸಭೆಯ ನೀರಿಗೆ ಆಂಟಿ ಕ್ಲೋರಿನ್ ಬೇಕು. ಗಡಸು ನೀರಿಗೊಂದು ಅಪಾಯವೂ ಇದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಅಂದರೆ ಇಲ್ಲಿ ಫಿಲ್ಟರ್ ಪಕ್ವವಾಗದೆ (ಅದರಲ್ಲಿ ಉಪಯುಕ್ತ ಬ್ಯಾಕ್ಟೀರಿಯಾ ಬೆಳೆಯದೆ) ಮೀನು ಬಿಡುವುದು ಬೇರೆ ಕಡೆಗಿಂತ ದುಬಾರಿ ತಪ್ಪು. ಹೊಸ ಫಿಲ್ಟರಿಗೆ ನಾಲ್ಕರಿಂದ ಆರು ವಾರ ಕೊಡಿ, ಅಥವಾ ಆರೋಗ್ಯವಂತ ಹಳೆ ತೊಟ್ಟಿಯ ಸ್ಪಾಂಜ್ ತಂದು ಅದರೊಳಗೆ ಸೇರಿಸಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ನೀರು ಬದಲಿಸುವುದಕ್ಕೂ ಜಗಳಕ್ಕೂ ನಂಟಿದೆ ಎಂದರೆ ಹಲವರು ನಂಬುವುದಿಲ್ಲ. ಸಿಕ್ಲಿಡ್‌ಗಳು ಒಂದರ ಸ್ಥಾನಮಾನ ಇನ್ನೊಂದಕ್ಕೆ ತಿಳಿಸುವುದು ಕಣ್ಣಿನಿಂದ ಮಾತ್ರವಲ್ಲ, ನೀರಿಗೆ ಬಿಡುವ ರಾಸಾಯನಿಕಗಳಿಂದಲೂ. ನಮ್ಮ ಜಿಲೇಬಿಯ ಯಜಮಾನ ಗಂಡು ಎದುರಾಳಿಯ ಮುಂದೆ ಮೂತ್ರ ಬಿಟ್ಟು ತನ್ನ ದರ್ಜೆ ಸಾರುತ್ತದೆ. ಒಂದೇ ಸಲ ಅರ್ಧ ತೊಟ್ಟಿ ಖಾಲಿ ಮಾಡಿದರೆ ಆ ಗುರುತು ತೊಳೆದುಹೋಗಿ ಯಾರು ಮೇಲು ಎಂಬ ತಕರಾರು ಮತ್ತೆ ಶುರುವಾಗುತ್ತದೆ. ಏಂಜಲ್ ಮೀನುಗಳ ಮೇಲೆ ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನದಲ್ಲಿ ಕಾಲುಭಾಗಕ್ಕಿಂತ ಅರ್ಧಭಾಗ ನೀರು ಬದಲಿಸಿದಾಗ ಜಗಳ ಹೆಚ್ಚಾಗಿದ್ದು ಕಂಡಿತು. ಹಾಗೆಂದು ನೀರು ಬದಲಿಸದೆ ಇರಬಾರದು. ವಾರಕ್ಕೊಮ್ಮೆ ಅರ್ಧದ ಬದಲು ವಾರಕ್ಕೆರಡು ಸಲ 20ರಿಂದ 25 ಶೇಕಡಾ ಬದಲಿಸಿ.

ಶಾಖ 24ರಿಂದ 26 ಡಿಗ್ರಿ ಸೆಲ್ಸಿಯಸ್ ಸಾಕು. ಮೇಲೆ ಹೋದಷ್ಟೂ ಮೀನಿನ ಚಟುವಟಿಕೆ, ಹಸಿವು, ಸಿಟ್ಟು ಎಲ್ಲ ಹೆಚ್ಚು, ನೀರಿನ ಆಮ್ಲಜನಕ ಕಡಿಮೆ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕು, ಲೀಟರಿಗೆ ಒಂದು ವ್ಯಾಟ್ ಲೆಕ್ಕ. ಗಾಜಿನ ಹೀಟರಿಗೆ ಪ್ಲಾಸ್ಟಿಕ್ ಕವಚ ಹಾಕಿ, ದೊಡ್ಡ ಮೀನು ಡಿಕ್ಕಿ ಹೊಡೆದು ಒಡೆಯುವುದುಂಟು. ದೀಪ ಆರೇಳು ಗಂಟೆ ಸಾಕು, ಮಂಕಾಗಿದ್ದಷ್ಟೂ ಒಳ್ಳೆಯದು.

ಆಹಾರ ತೊಟ್ಟಿಯ ಎರಡೂ ತುದಿಗೆ ಒಂದೇ ಹೊತ್ತಿಗೆ ಬೀಳಲಿ, ಒಂದೇ ಕಡೆ ಹಾಕಿದರೆ ಯಜಮಾನ ಅಲ್ಲೇ ಕಾವಲು ನಿಲ್ಲುತ್ತದೆ. ಎಂಬುನಾಗಳು ಬಂಡೆಯ ಪಾಚಿ ತಿನ್ನುವವು. ಸ್ಪಿರುಲಿನಾ ಪಾಚಿ ಇರುವ ಕಾಳು ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಬ್ಲಡ್‌ವರ್ಮ್, ಮಾಂಸದ ಚೂರು ಕೊಟ್ಟರೆ, ಅದರಲ್ಲೂ ಏಟು ತಿಂದು ಹೆದರಿದ ಮೀನಿಗೆ ಕೊಟ್ಟರೆ, ಹೊಟ್ಟೆ ಉಬ್ಬುವ ಕಾಯಿಲೆ ಬರುತ್ತದೆ. ಬಿಳಿ ದಾರದಂತಹ ಮಲ ಅದರ ಮೊದಲ ಗುರುತು.

ಹೊಸ ಮೀನು ಸೇರಿಸುವ ದಿನವೇ ಅತಿ ಹೆಚ್ಚು ಸಾವು. ಹೊಸದನ್ನು ಒಂಟಿಯಾಗಿ, ಹಗಲು ಹೊತ್ತು, ಹಸಿದ ತೊಟ್ಟಿಗೆ ಬಿಡುವುದು ಕೊಲೆಗೆ ಸಮ. ಎರಡು ಮೂರು ವಾರ ಬೇರೆ ಇಟ್ಟು ಕಾಯಿಲೆ ಇಲ್ಲವೆಂದು ನೋಡಿಕೊಂಡ ಮೇಲೆ, ಬಿಡುವ ಸಂಜೆ ಹಳೆ ಮೀನುಗಳಿಗೆ ಹೊಟ್ಟೆ ತುಂಬ ಹಾಕಿ. ಕಲ್ಲುಗಳ ಜಾಗ ಬದಲಿಸಿ; ಹಳೆ ಗಡಿಗಳು ಅಳಿದು ಎಲ್ಲವೂ ಹೊಸಬರಾಗುತ್ತವೆ. ಆಮೇಲೆ ದೀಪ ಆರಿಸಿ, ನಾಲ್ಕೈದನ್ನು ಒಟ್ಟಿಗೆ ಬಿಡಿ. ಗಾತ್ರದಲ್ಲಿ ಹಳೆಯವಕ್ಕೆ ಹತ್ತಿರವಿರಲಿ. ಬೆಳಗಿನವರೆಗೆ ದೀಪ ಹಾಕಬೇಡಿ.

ಇಷ್ಟು ಮಾಡಿಯೂ ಒಂದು ಮೀನು ಎಲ್ಲರ ಜೀವ ಹಿಂಡುತ್ತಿದ್ದರೆ, ಏಟು ತಿಂದದ್ದನ್ನಲ್ಲ, ಹೊಡೆಯುವುದನ್ನು ತೆಗೆಯಬೇಕು. ಸೋತದ್ದನ್ನು ತೆಗೆದರೆ ಅದರ ಕೆಳಗಿನದಕ್ಕೆ ಪಾಳಿ ಬರುತ್ತದೆ ಅಷ್ಟೇ. ರೌಡಿಯನ್ನು ಒಂದೆರಡು ವಾರ ಇನ್ನೊಂದು ತೊಟ್ಟಿಯಲ್ಲಿಡಿ. ಅದಿಲ್ಲದಿದ್ದರೆ ತೂತಿರುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕೂಡಿಟ್ಟು ಅದೇ ತೊಟ್ಟಿಯಲ್ಲಿ ತೇಲಿಬಿಡಿ. ಉಳಿದವು ಜಾಗ ಹಂಚಿಕೊಂಡ ಮೇಲೆ, ಕಲ್ಲು ಕದಲಿಸಿ ವಾಪಸು ಬಿಟ್ಟರೆ ಅದೇ ಹೊಸಬನಾಗಿ ತಲೆ ತಗ್ಗಿಸಿಕೊಂಡಿರುತ್ತದೆ. ಎರಡನೇ ಸಲವೂ ಅದೇ ಬುದ್ಧಿ ತೋರಿಸಿದರೆ ಅಂಗಡಿಗೆ ಕೊಟ್ಟುಬಿಡುವುದೇ ಸರಿ. ತೊಟ್ಟಿಯ ನಡುವೆ ಅಡ್ಡಗೋಡೆ ಹಾಕುವವರು 4 ಮಿ.ಮೀ. ಅಕ್ರಿಲಿಕ್ ಶೀಟಿಗೆ ತುಂಬ ತೂತು ಕೊರೆಯಿಸಿ. ಫಿಲ್ಟರ್ ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆ ಬಿಡಲಿ, ಇಲ್ಲವಾದರೆ ಅರ್ಧ ತೊಟ್ಟಿಯ ನೀರು ನಿಂತೇ ಕೆಡುತ್ತದೆ.

ಗಾಯಗೊಂಡದ್ದು ತಾನಾಗಿ ತಿನ್ನುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮಾತ್ರ ಬೇರೆ ಇಡಿ. 50 ಲೀಟರ್ ಶುಭ್ರ ನೀರು, ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಪೈಪು. ಅಯೋಡಿನ್ ಬೆರೆಸದ ಕಲ್ಲುಪ್ಪು 50 ಗ್ರಾಂ ಕರಗಿಸಿ ಎರಡು ಮೂರು ಗಂಟೆಯ ಅಂತರದಲ್ಲಿ ಎರಡು ಕಂತಾಗಿ ಹಾಕಿ. ಮಾರನೆಯ ದಿನ ಇನ್ನೂ 50 ಗ್ರಾಂ ಹಾಕಬಹುದು. ನೀರು ಬದಲಿಸಿದಾಗ ತೆಗೆದ ನೀರಿನ ಪಾಲಿನ ಉಪ್ಪನ್ನಷ್ಟೇ ಮತ್ತೆ ಸೇರಿಸಿ. ಹರಿದ ರೆಕ್ಕೆ ನೀರು ಶುಭ್ರವಿದ್ದರೆ ತಾನೇ ಬೆಳೆಯುತ್ತದೆ. ಗಾಯದ ಮೇಲೆ ಹತ್ತಿಯಂತೆ ಬೆಳೆದರೆ ಮೆಥಿಲೀನ್ ಬ್ಲೂ ಬೇಕಾಗುತ್ತದೆ, ಆದರೆ ಅದು ಫಿಲ್ಟರಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ, ಮುಖ್ಯ ತೊಟ್ಟಿಗೆ ಹಾಕಬೇಡಿ.

ಫ್ಲವರ್‌ಹಾರ್ನ್ ಬಗ್ಗೆ ಎರಡು ಮಾತು. ವಾಸ್ತುವಿಗೆ ಒಳ್ಳೆಯದೆಂದು ಮಾರುವ ಈ ಮಿಶ್ರತಳಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪುಗೊಂಡದ್ದು. ಅದೃಷ್ಟ ತರುತ್ತದೋ ಇಲ್ಲವೋ, ಒಂಟಿಯಾಗಿ ಮಾತ್ರ ಇಡುವ ಮೀನು ಅದು. ಜೊತೆಗೆ ಏನನ್ನೇ ಬಿಡಿ, ಸಾಯುತ್ತದೆ. ತಲೆಯ ಉಬ್ಬು ಬೆಳೆಯಲಿ ಎಂದು ದಿನವಿಡೀ ಕನ್ನಡಿ ಹಿಡಿಯುವುದು ಅದಕ್ಕೆ ಬರೀ ಹಿಂಸೆ. ಗಾಜಿನಲ್ಲಿ ತನ್ನದೇ ಬಿಂಬ ಕಂಡು ಗುದ್ದುತ್ತಿದ್ದರೆ ಹಿಂಬದಿ, ಪಕ್ಕಗಳಿಗೆ ಹೊರಗಿನಿಂದ ಕಪ್ಪು ಹಾಳೆ ಅಂಟಿಸಿ ನೋಡಿ.

ಇನ್ನು ಕೆರೆಗೆ ಬಿಡುವ ಪುಣ್ಯಕಾರ್ಯ. ಮೊದಲು ನಮ್ಮ ಕೆರೆಗಳು ಬೇಸಿಗೆಗೆ ಬತ್ತುತ್ತಿದ್ದವು, ಬಿಟ್ಟ ಮೀನು ಅಲ್ಲಿಗೇ ಮುಗಿಯುತ್ತಿತ್ತು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಸಂಸ್ಕರಿಸಿದ ಕೊಳಚೆ ನೀರು ಬರತೊಡಗಿದ ಮೇಲೆ ಹಲವು ಕೆರೆಗಳಲ್ಲಿ ವರ್ಷವಿಡೀ ನೀರಿದೆ. ಮರಿ ಕಾಯುವ, ಸಿಕ್ಕಿದ್ದು ತಿನ್ನುವ, ಗಡಸು ನೀರಿಗೆ ಹೆದರದ ಕಾನ್ವಿಕ್ಟ್‌ನಂತಹ ಮೀನಿಗೆ ಅದಕ್ಕಿಂತ ಬೇರೇನು ಬೇಕು? 1952ರಲ್ಲಿ ದೇಶಕ್ಕೆ ತಂದ ಜಿಲೇಬಿ ಈಗ ಯಾವ ಕೆರೆಯಲ್ಲಿಲ್ಲ ಹೇಳಿ. ಬೇಡವಾದ ಮೀನನ್ನು ಅಂಗಡಿಗೆ ಬಿಟ್ಟಿ ಕೊಡಿ, ದೊಡ್ಡ ತೊಟ್ಟಿ ಇರುವ ಇನ್ನೊಬ್ಬ ಹವ್ಯಾಸಿಗೆ ಕೊಡಿ.

ಅಂಗಡಿಯವರಲ್ಲಿ ಒಂದು ಕೋರಿಕೆ. ‘ಮಿಕ್ಸ್ ಆಫ್ರಿಕನ್’ ಎಂಬ ಚೀಟಿ ತೆಗೆದು, ಪ್ರತಿ ತೊಟ್ಟಿಯ ಮೇಲೆ ಮೀನಿನ ಹೆಸರು, ಬೆಳೆದಾಗಿನ ಉದ್ದ, ಬೇಕಾದ ತೊಟ್ಟಿಯ ಉದ್ದ, ಈ ಮೂರನ್ನು ಕನ್ನಡದಲ್ಲಿ ಬರೆದು ಅಂಟಿಸಿ. ಹೆಚ್ಚಾದ ಗಂಡುಗಳನ್ನು ಅರ್ಧ ಬೆಲೆಗಾದರೂ ವಾಪಸು ತೆಗೆದುಕೊಳ್ಳಿ. ಮೀನು ಸತ್ತು ಬೇಸತ್ತವರು ತೊಟ್ಟಿಯನ್ನೇ ಗುಜರಿಗೆ ಹಾಕುತ್ತಾರೆ, ನಿಮ್ಮ ಅಂಗಡಿಗೆ ಮತ್ತೆ ಬರುವುದಿಲ್ಲ.

ಇಂತಿ,
ಅಕ್ವೇರಿಯಂ ಹವ್ಯಾಸಿಗಳು, ಕೋಲಾರ